ಇದ್ದಿಲು ಮಣ್ಣಿಗೆ ಸೇರಲಿ

ಅಡಿಕೆ ಸುಲಿಯುವ ಕೆಲಸ ಮುಗಿಯುತ್ತ ಬಂದಂತೆ ಕಾಸರಗೋಡು ಸೀಮೆಯ ಕೃಷಿಕರ ಮನೆಗಳಲ್ಲಿ ಎರಡು ರಾಶಿಗಳು ಬೆಳೆಯುತ್ತವೆ. ಒಂದು ಚಾಲಿ ಅಡಿಕೆಯದು. ಅದರ ಮೇಲೆ ಮನೆಮಂದಿಯೆಲ್ಲರ ಕಣ್ಣಿರುತ್ತದೆ. ಇಂದಿನ ಧಾರಣೆ ಎಷ್ಟು, ನಾಳೆ ಏರೀತೇ ಎಂಬ ಮಾತುಕತೆ ಅದರ ಸುತ್ತಲೇ ನಡೆಯುತ್ತದೆ. ಇನ್ನೊಂದು ಸಿಪ್ಪೆಯದು. ಅದರ ಕುರಿತು ಹೆಚ್ಚಿನ ಮಾತಿಲ್ಲ. ಹಣ್ಣಡಿಕೆಯ ತೂಕದಲ್ಲಿ ಶೇಕಡಾ 60ರಿಂದ 80ರಷ್ಟು ಪಾಲು ಸಿಪ್ಪೆಯದೇ ಆಗಿದ್ದರೂ ಅದು ಮನೆಯ ಲೆಕ್ಕಪುಸ್ತಕಕ್ಕೆ ಬಾರದ ವಸ್ತು. ಅದರಲ್ಲಿ ಸ್ವಲ್ಪ ಬಚ್ಚಲೊಲೆಗೆ ಹೋಗುತ್ತದೆ. ಉಳಿದದ್ದು ತೋಟದ ಅಂಚಿಗೋ ರಸ್ತೆಯ ಬದಿಗೋ ಬಿದ್ದು, ಬೇಸಗೆಯ ಒಂದು ಸಂಜೆ ಯಾರೋ ಕಡ್ಡಿ ಗೀರಿದಾಗ ಹೊಗೆಯಾಗಿ ಮುಗಿಯುತ್ತದೆ. ತೆಂಗಿನ ಕೊತ್ತಳಿಗೆ, ಒಣಗಿದ ಮಡಲು, ಕಡಿದ ಗೊಬ್ಬರಗಿಡದ ಗಟ್ಟಿ ರೆಂಬೆ, ಇವುಗಳ ಕತೆಯೂ ಬಹುಮಟ್ಟಿಗೆ ಇಷ್ಟೇ.

ಈ ಎರಡನೆಯ ರಾಶಿಯ ಕುರಿತು ನಾವು ಗಂಭೀರವಾಗಿ ಯೋಚಿಸಬೇಕೆಂಬುದು ಈ ಬರೆಹದ ವಾದ. ಬೂದಿಯಾಗಿ ಹೋಗುವ ಈ ಗಟ್ಟಿ ಕಸವನ್ನು ಇದ್ದಿಲಾಗಿಸಿ ಮಣ್ಣಿಗೆ ಸೇರಿಸುವುದು ನಮ್ಮ ನೆಲಕ್ಕೆ ಒಪ್ಪುವ ಕೆಲಸ. ಅದು ದೊಡ್ಡ ಯಂತ್ರಗಳ, ದೂರದ ಕಂಪೆನಿಗಳ ಕೈಗೆ ಹೋಗುವ ಮೊದಲು ಮನೆಮನೆಯ ಹಿತ್ತಲಲ್ಲಿ, ನಮ್ಮದೇ ಮಾತಿನಲ್ಲಿ ಬೇರೂರಬೇಕು. ಜಗತ್ತು ಇದನ್ನು ಇಂದು ‘ಬಯೋಚಾರ್’ ಎಂದು ಕರೆಯುತ್ತದೆ. ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಇದರಲ್ಲೇನು ಕೆಲಸ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಆ ಹೆಸರಿನಿಂದಲೇ ಆರಂಭವಾಗುತ್ತದೆ.

ಉರಿಯ ವಿಷಯದಲ್ಲಿ ಕನ್ನಡದ ಪದಕೋಶ ಬಡವಾದುದಲ್ಲ. ಒಂದು ತುದಿ ಉರಿಯುತ್ತಿರುವ ಕಟ್ಟಿಗೆ ಕೊಳ್ಳಿ. ಜ್ವಾಲೆ ಅಡಗಿ ಕೆಂಪಗೆ ಹೊಳೆಯುವ ತುಂಡು ಕೆಂಡ. ಆ ಕೆಂಡವನ್ನು ಗಾಳಿಗೆ ಬಿಟ್ಟರೆ ತನ್ನನ್ನು ತಾನೇ ತಿಂದು ಬೂದಿಯಾಗುತ್ತದೆ. ನೀರು ಚಿಮುಕಿಸಿದರೆ ಅಥವಾ ಮುಚ್ಚಿ ಗಾಳಿ ತಪ್ಪಿಸಿದರೆ ಇದ್ದಿಲಾಗುತ್ತದೆ. ಇದ್ದಿಲನ್ನೇ ನಮ್ಮ ಕರಾವಳಿಯ ಮಾತಿನಲ್ಲಿ ಮಸಿ ಎನ್ನುವವರೂ ಉಂಟು. ಬರೆಯುವ ಶಾಯಿಗೂ ಹಳೆಯ ಹೆಸರು ಅದೇ. ಕೆಂಡದಿಂದ ಕವಲೊಡೆಯುವ ಈ ಎರಡು ದಾರಿಗಳನ್ನು ನಮ್ಮ ಅಜ್ಜಿಯರು ಒಲೆಯ ಮುಂದೆ ಕುಳಿತೇ ಬಲ್ಲವರಾಗಿದ್ದರು. ಬಯೋಚಾರ್‌ನ ವಿಜ್ಞಾನವೆಲ್ಲ ನಿಂತಿರುವುದು ಇದೇ ಕವಲಿನಲ್ಲಿ.

ಗಿಡಮರಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮೈ ಬೆಳೆಸಿಕೊಳ್ಳುತ್ತವೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಇಂಗಾಲ. ಅದು ಕೊಳೆತರೂ ಪೂರ್ತಿ ಉರಿದುಹೋದರೂ ಆ ಇಂಗಾಲದ ಬಹುಪಾಲು ಮತ್ತೆ ಗಾಳಿಗೇ ಸೇರುತ್ತದೆ. ಗಾಳಿಯ ಕೊರತೆಯಲ್ಲಿ, ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದರೆ ಮಾತ್ರ ಆವಿಯಾಗುವ ಅಂಶಗಳು ಹೊರಬಿದ್ದು, ಇಂಗಾಲದ ಒಂದು ದೊಡ್ಡ ಪಾಲು ಗಟ್ಟಿಯಾಗಿ ಉಳಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಇದನ್ನು ಕರಗಿಸುವುದು ಸುಲಭವಲ್ಲ. ಚೆನ್ನಾಗಿ ಬೆಂದ ಇದ್ದಿಲು ನೆಲದಲ್ಲಿ ನೂರಾರು ವರ್ಷ ಉಳಿಯಬಲ್ಲದು. ಒಂದು ಸರಳ ಲೆಕ್ಕ ಹಾಕೋಣ. 1000 ಕಿಲೋಗ್ರಾಂ ಒಣ ಕಸದಿಂದ 250 ಕಿಲೋಗ್ರಾಂ ಇದ್ದಿಲು ದೊರೆಯಿತೆಂದು, ಅದರಲ್ಲಿ ಶೇಕಡಾ 70 ಭಾಗ ಇಂಗಾಲವಿದೆಯೆಂದು ಇಟ್ಟುಕೊಂಡರೆ, ನೆಲಕ್ಕೆ ಸೇರುವ ಇಂಗಾಲ 175 ಕಿಲೋಗ್ರಾಂ. ಇದು ಸುಮಾರು 640 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಹವಾಮಾನ ಬದಲಾವಣೆಯ ಅಂತರಸರಕಾರ ಮಂಡಳಿಯು 2018ರ ತನ್ನ ವಿಶೇಷ ವರದಿಯಲ್ಲಿ, ಗಾಳಿಯಿಂದ ಇಂಗಾಲವನ್ನು ಹಿಂತೆಗೆಯುವ ಮಾರ್ಗಗಳಲ್ಲಿ ಇದನ್ನೂ ಒಂದೆಂದು ಪರಿಗಣಿಸಿದ್ದು ಈ ಕಾರಣಕ್ಕೇ.

ಆದರೆ ಭೂಗೋಲದ ಬಿಸಿಯನ್ನು ತಗ್ಗಿಸುವ ಸಲುವಾಗಿ ಎಂದರೆ ಯಾವ ಕೃಷಿಕನೂ ಗುಂಡಿ ತೋಡಲಾರ. ತೋಡಬೇಕೆಂದು ಕೇಳುವುದು ನ್ಯಾಯವೂ ಅಲ್ಲ. ಅವನ ತೋಟಕ್ಕೆ ಏನು ಲಾಭ ಎಂಬುದನ್ನು ಮೊದಲು ಹೇಳಬೇಕು. ಇಲ್ಲಿಯೇ ಕಾಸರಗೋಡಿನ ಮಣ್ಣಿನ ಸ್ವಭಾವ ಮುಖ್ಯವಾಗುತ್ತದೆ. ನಮ್ಮದು ಮುರಕಲ್ಲಿನ ನೆಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಈ ಮಳೆ ಮಣ್ಣಿನೊಳಗಿನ ಸುಣ್ಣ, ಪೊಟಾಷಿಯಂ, ಮೆಗ್ನೀಷಿಯಂಗಳನ್ನು ತೊಳೆದು ಪಯಸ್ವಿನಿಯ ದಾರಿ ಹಿಡಿಸುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಹುಳಿಮಣ್ಣು. ಇಂಥ ಮಣ್ಣಿಗೆ ಹಾಕಿದ ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಇದ್ದಿಲು ಸಾಮಾನ್ಯವಾಗಿ ಕ್ಷಾರಗುಣದ್ದು. ಮಣ್ಣಿನ ಹುಳಿಯನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವು ನೀರನ್ನೂ ಸತ್ವವನ್ನೂ ಹಿಡಿದಿಟ್ಟು ಬೇರಿಗೆ ನಿಧಾನವಾಗಿ ಒದಗಿಸುತ್ತವೆ.

ನಮ್ಮಂತೆಯೇ ಧಾರಾಕಾರ ಮಳೆಯೂ ಹುಳಿಮಣ್ಣೂ ಇರುವ ಇನ್ನೊಂದು ನಾಡು ಅಮೆಜಾನ್ ಕಣಿವೆ. ಅಲ್ಲಿಯ ಬಡಮಣ್ಣಿನ ನಡುವೆ ಅಲ್ಲಲ್ಲಿ ಕಪ್ಪಗಿನ, ಫಲವತ್ತಾದ ಮಣ್ಣಿನ ತುಂಡುಗಳಿವೆ. ಪೋರ್ಚುಗೀಸರ ಮಾತಿನಲ್ಲಿ ಅವಕ್ಕೆ ‘ತೆರ್ರಾ ಪ್ರೆತಾ’, ಎಂದರೆ ಕಪ್ಪುಮಣ್ಣು, ಎಂದು ಹೆಸರು. ಡಚ್ ಮಣ್ಣುವಿಜ್ಞಾನಿ ವಿಮ್ ಸೋಂಬ್ರೂಕ್ 1966ರಲ್ಲಿ ಪ್ರಕಟಿಸಿದ ಅಮೆಜಾನ್ ಮಣ್ಣುಗಳ ಅಧ್ಯಯನದಿಂದ ಅವು ವಿದ್ವಾಂಸರ ಗಮನಕ್ಕೆ ಹೆಚ್ಚಾಗಿ ಬಂದವು. ಯುರೋಪಿಯನ್ನರು ಕಾಲಿಡುವ ಮೊದಲೇ ಅಲ್ಲಿಯ ಮೂಲನಿವಾಸಿಗಳು ಒಲೆಯ ಇದ್ದಿಲು, ಮೀನಿನ ಮುಳ್ಳು, ಮೂಳೆ, ಮಡಕೆಚೂರು, ಅಡುಗೆಯ ಕಸವನ್ನೆಲ್ಲ ನೆಲಕ್ಕೆ ಸೇರಿಸುತ್ತ ಬಂದುದರಿಂದ ಆ ಮಣ್ಣು ರೂಪುಗೊಂಡಿತು. ಶತಮಾನಗಳ ಮಳೆಯೂ ಅದರ ಕಪ್ಪನ್ನು ತೊಳೆದುಹಾಕಲಿಲ್ಲ. ಇದ್ದಿಲು ಒಂಟಿಯಾಗಿ ಕೆಲಸ ಮಾಡಲಿಲ್ಲ, ಗೊಬ್ಬರದೊಂದಿಗೆ ಬೆರೆತು ಕೆಲಸ ಮಾಡಿತು ಎಂಬ ಪಾಠ ಅದರಲ್ಲಿದೆ.

ಅಷ್ಟು ದೂರದ ನಿದರ್ಶನ ಬೇಡವೆಂದರೆ ನಮ್ಮ ಸುಡುಮಣ್ಣನ್ನೇ ನೆನೆಯೋಣ. ಒಣ ತರಗೆಲೆ, ಕಡ್ಡಿಕಸವನ್ನು ಪೇರಿಸಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ನಿಧಾನವಾಗಿ ಬೇಯಲು ಬಿಡುವ ಈ ಪದ್ಧತಿ ತುಳುನಾಡಿನ ಉದ್ದಗಲಕ್ಕೂ ಇದೆ. ಬೆಂದ ಮಣ್ಣು, ಬೂದಿ, ಇದ್ದಿಲ ಚೂರು ಎಲ್ಲ ಬೆರೆತ ಆ ಹುಡಿಯನ್ನು ತರಕಾರಿ ಸಾಲಿಗೂ ಮಲ್ಲಿಗೆಯ ಬುಡಕ್ಕೂ ಹಾಕಿದವರಿಗೆ ಅದರ ಗುಣ ಗೊತ್ತು. ಸುಡುಮಣ್ಣೇ ಬಯೋಚಾರ್, ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು ಎಂದು ಬೀಗುವುದು ಮಾತ್ರ ಸರಿಯಲ್ಲ. ಸುಡುಮಣ್ಣಿನಲ್ಲಿ ಇದ್ದಿಲಿಗಿಂತ ಬೂದಿಯೂ ಸುಟ್ಟ ಮಣ್ಣೂ ಹೆಚ್ಚು. ದಿನಗಟ್ಟಲೆ ಹೊಗೆಯಾಡುವುದರಿಂದ ಗಾಳಿಯೂ ಕೆಡುತ್ತದೆ. ಮುಚ್ಚಿದ ಮಣ್ಣಿನೊಳಗಿನ ಸಾವಯವ ಅಂಶವೂ ಸುಟ್ಟುಹೋಗುತ್ತದೆ. ಹಿರಿಯರ ಅರಿವು ಅರ್ಧದಾರಿ ನಡೆದಿದೆ. ಉಳಿದರ್ಧವನ್ನು ನಡೆಯುವ ಹೊಣೆ ನಮ್ಮದು.

ಆ ಉಳಿದರ್ಧ ಕಷ್ಟದ್ದೇನೂ ಅಲ್ಲ. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಒಂದು ಗುಂಡಿ ಸಾಕು. ತಳದಲ್ಲಿ ಚೆನ್ನಾಗಿ ಒಣಗಿದ ಕಸಕ್ಕೆ ಬೆಂಕಿ ಹಿಡಿಸಿ, ಕೆಂಡದ ಮೇಲೆ ಬೂದಿಯ ಬಿಳುಪು ಮೂಡತೊಡಗಿದಾಗ ಮುಂದಿನ ತೆಳುವಾದ ಪದರವನ್ನು ಹಾಕಬೇಕು. ಮೇಲಿನ ಜ್ವಾಲೆ ಗಾಳಿಯನ್ನೂ ಹೊಗೆಯನ್ನೂ ತಾನೇ ಉರಿಸಿಕೊಳ್ಳುವುದರಿಂದ ಕೆಳಗಿನ ಕೆಂಡಕ್ಕೆ ಗಾಳಿ ತಲುಪದು. ಅದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಹೀಗೆ ಪದರ ಪದರವಾಗಿ ಗುಂಡಿ ತುಂಬಿದ ಮೇಲೆ ನೀರು ಸುರಿದೋ, ನೀರಿನ ಅಭಾವವಿದ್ದರೆ ಮಣ್ಣು ಮುಚ್ಚಿಯೋ ಆರಿಸಬೇಕು. ಹಸಿ ಕಸ ಹಾಕಿದರೆ ಹೊಗೆ ಏಳುತ್ತದೆ. ಹೊಗೆ ಎದ್ದರೆ ಮಿಥೇನ್ ಮುಂತಾದ ಅನಿಲಗಳೂ ಎದ್ದು, ಮಾಡಿದ ಉಪಕಾರದ ಒಂದು ಭಾಗ ಅಲ್ಲಿಯೇ ಕಳೆದುಹೋಗುತ್ತದೆ. ಒಣಹುಲ್ಲಿನಿಂದ ದೂರ, ಗಾಳಿ ಬೀಸದ ಮುಂಜಾನೆಯಲ್ಲಿ, ಕೈಗೆ ನೀರು ಎಟುಕುವಂತೆ ಇಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಬೇಕು.

ಇನ್ನೊಂದು ಎಚ್ಚರ ಅಷ್ಟೇ ಮುಖ್ಯವಾದುದು. ಹೊಸ ಇದ್ದಿಲು ಹಸಿದ ವಸ್ತು. ಹಾಗೆಯೇ ಗಿಡದ ಬುಡಕ್ಕೆ ಹಾಕಿದರೆ ಮಣ್ಣಿನಲ್ಲಿರುವ ಸಾರಜನಕವನ್ನು ಮೊದಲು ತಾನೇ ಹೀರಿಕೊಂಡು, ಗಿಡ ಕೆಲವು ಕಾಲ ಸೊರಗುವಂತೆ ಮಾಡಬಹುದು. ಆದ್ದರಿಂದ ಪುಡಿಮಾಡಿ ಹಟ್ಟಿಗೊಬ್ಬರದೊಂದಿಗೋ ಸ್ಲರಿಯೊಂದಿಗೋ ಕೆಲವು ವಾರ ಬೆರೆಸಿಟ್ಟು ಹಾಕಬೇಕು. ಹಟ್ಟಿಯ ನೆಲಕ್ಕೇ ಹಾಸಿದರೆ ಗೋಮೂತ್ರವನ್ನು ಹೀರಿ ತಾನಾಗಿಯೇ ಹದಗೊಳ್ಳುತ್ತದೆ, ವಾಸನೆಯೂ ತಗ್ಗುತ್ತದೆ.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳನ್ನು ಎದುರಿಸಲೇಬೇಕು. ಕಸವನ್ನೆಲ್ಲ ಸುಡುವ ಬದಲು ಹಾಗೆಯೇ ಕೊಳೆಯಲು ಬಿಟ್ಟರೆ ಮಣ್ಣಿಗೆ ಒಳ್ಳೆಯದಲ್ಲವೇ ಎಂಬುದು ಮೊದಲ ಪ್ರಶ್ನೆ. ಪ್ರಶ್ನೆ ಯೋಗ್ಯವಾದುದು. ಸೊಪ್ಪು, ತರಗೆಲೆ, ಅಡಿಕೆಯ ಸೋಗೆ ಇವೆಲ್ಲ ತೋಟಕ್ಕೆ ಹೊದಿಕೆಯಾಗಿ, ಗೊಬ್ಬರವಾಗಿಯೇ ಸಲ್ಲಬೇಕು. ಎರೆಹುಳುವಿನ ಅನ್ನಕ್ಕೆ ಬೆಂಕಿ ಇಡುವುದು ಯಾವ ವಿಜ್ಞಾನವೂ ಅಲ್ಲ. ಬೇಗ ಕೊಳೆಯದ, ಹೇಗೂ ಸುಡಲ್ಪಡುವ ಸಿಪ್ಪೆ, ಕೊತ್ತಳಿಗೆ, ಗಟ್ಟಿ ರೆಂಬೆಗಳಷ್ಟೇ ಇದ್ದಿಲಿನ ಪಾಲು. ಗೆರಟೆಯ ಇದ್ದಿಲಿಗೆ ಕೈಗಾರಿಕೆಯಲ್ಲಿ ಬೆಲೆಯಿದೆ. ಅದನ್ನು ಮಾರುವವರು ಮಾರಲಿ. ಇದ್ದಿಲಿಗೆಂದು ಮರ ಕಡಿಯುವ ದಿನ ಬಂದರೆ ಅಂದೇ ಈ ವಾದವನ್ನು ಕೈಬಿಡಬೇಕು.

ಫಲ ಖಚಿತವೇ ಎಂಬುದು ಎರಡನೆಯ ಪ್ರಶ್ನೆ. ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಉಷ್ಣವಲಯದ ಮಣ್ಣುಗಳಲ್ಲಿ ಇದ್ದಿಲಿನಿಂದ ಇಳುವರಿ ಸರಾಸರಿ ಶೇಕಡಾ 25ರಷ್ಟು ಏರಿದರೆ, ಸಮಶೀತೋಷ್ಣ ವಲಯದಲ್ಲಿ ಸರಾಸರಿ ಲಾಭವೇ ಕಾಣಲಿಲ್ಲ. ಕಾರಣ ಸ್ಪಷ್ಟ: ಹುಳಿಯಾದ, ಸತ್ವ ತೊಳೆದುಹೋದ ಮಣ್ಣಿಗೆ ಇದ್ದಿಲು ಔಷಧ, ಈಗಾಗಲೇ ಚೆನ್ನಾಗಿರುವ ಮಣ್ಣಿಗೆ ಅದರ ಅಗತ್ಯವಿಲ್ಲ. ಗಡಿಯಾಚೆಯ ಕನ್ನಡಿಗರಲ್ಲಿಯೇ ಆದವಾನಿ, ಸೊಲ್ಲಾಪುರಗಳ ಎರೆಭೂಮಿಯವರು ನಮ್ಮ ಈ ಮಾತನ್ನು ಇದ್ದಂತೆಯೇ ಸ್ವೀಕರಿಸಬಾರದು. ಅವರ ಕರಿಮಣ್ಣು ಸಾಮಾನ್ಯವಾಗಿ ಕ್ಷಾರದ್ದು. ಕಾಸರಗೋಡಿನ ಲಾಭ ಅಲ್ಲಿ ನಷ್ಟವೂ ಆದೀತು. ಮಣ್ಣು ಬದಲಾದರೆ ಮದ್ದೂ ಬದಲಾಗಬೇಕು.

ನಮ್ಮಲ್ಲಿಯೂ ಅತಿಯಾಸೆ ಸಲ್ಲದು. ಪ್ರಯೋಗಗಳಲ್ಲಿ ಹೆಕ್ಟೇರಿಗೆ 10 ಟನ್ ಇದ್ದಿಲು ಹಾಕುವುದು ಸಾಮಾನ್ಯ. ಮೇಲಿನ ಲೆಕ್ಕದಂತೆ ಅದಕ್ಕೆ 40 ಟನ್ ಒಣ ಕಸ ಬೇಕು. ಒಂದೇ ವರ್ಷದಲ್ಲಿ ಅಷ್ಟನ್ನು ನಮ್ಮ ಅಡಿಕೆ ತೋಟ ಕೊಡಲಾರದು. ಆದಕಾರಣ ತೋಟಕ್ಕೆಲ್ಲ ಎರಚುವ ಬದಲು ಹೊಸ ಸಸಿಯ ಗುಂಡಿಗೆ, ಸೊರಗಿದ ಮರದ ಬುಡಕ್ಕೆ, ತರಕಾರಿಯ ಸಾಲಿಗೆ ಎಂದು ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಸೇರಿಸುವುದು ವಿವೇಕ. ಇದ್ದಿಲು ಕೊಳೆತು ಮುಗಿಯುವ ವಸ್ತುವಲ್ಲವಾದ್ದರಿಂದ ಇಂದು ಹಾಕಿದ್ದು ಮೊಮ್ಮಕ್ಕಳ ಕಾಲಕ್ಕೂ ಅಲ್ಲಿಯೇ ಇರುತ್ತದೆ.

ಅಲ್ಲಿಯೇ ಇರುತ್ತದೆ ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ. ಒಮ್ಮೆ ಸೇರಿಸಿದ ಇದ್ದಿಲನ್ನು ಹೆಕ್ಕಿ ತೆಗೆಯಲಾಗದು. ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ ಕಸದೊಂದಿಗೆ ಸೇರಿದರೆ ವಿಷವೂ ನೆಲದಲ್ಲಿ ಉಳಿಯುತ್ತದೆ. ಕೊಳೆರೋಗಕ್ಕೆ ಮೈಲುತುತ್ತು ಸಿಂಪಡಿಸಿದ ಅಡಿಕೆಯ ಸಿಪ್ಪೆಯಲ್ಲಿ ತಾಮ್ರದ ಅಂಶವಿದ್ದರೆ ಅದು ಬೆಂಕಿಯಲ್ಲಿ ನಾಶವಾಗದು. ಇದ್ದಿಲಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಇದ್ದಿಲಿಗೆ ಮಣ್ಣಿನ ತಾಮ್ರವನ್ನು ಹಿಡಿದಿಡುವ ಗುಣವೂ ಇದೆಯೆನ್ನುವುದು ನಿಜವಾದರೂ, ಎರಡರಲ್ಲಿ ಯಾವುದು ಮೇಲುಗೈ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಪರೀಕ್ಷೆಯಿಲ್ಲದೆ ನಂಬುವುದರ ಬೆಲೆ ಏನೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಅದು ಪ್ರಗತಿಯ ಹೆಸರಿನಲ್ಲಿಯೇ ಬಂದಿತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ತಡೆಯುವ ಹೊತ್ತಿಗೆ ಎಣ್ಮಕಜೆಯಂಥ ಗ್ರಾಮಗಳು ತೆತ್ತ ಬೆಲೆ ಎಲ್ಲರಿಗೂ ತಿಳಿದದ್ದು. ಇದ್ದಿಲು ಆ ಬಗೆಯ ವಿಷವಲ್ಲ. ಆದರೂ ನಮ್ಮ ನೆಲಕ್ಕೆ ಸೇರುವ ಪ್ರತಿಯೊಂದನ್ನೂ ನಾವೇ ಪ್ರಶ್ನಿಸಿ, ಅರಿತು, ಆಮೇಲೆ ಒಪ್ಪಬೇಕೆಂಬ ನಿಯಮವನ್ನು ಆ ದುರಂತ ನಮಗೆ ಬಿಟ್ಟುಹೋಗಿದೆ.

ಮೂರನೆಯ ಪ್ರಶ್ನೆ ಹಣದ್ದು. ಇಂಗಾಲವನ್ನು ನೆಲದಲ್ಲಿ ಹುಗಿದದ್ದಕ್ಕೆ ಪ್ರತಿಯಾಗಿ ‘ಕಾರ್ಬನ್ ಕ್ರೆಡಿಟ್’ ಮಾರುವ ವ್ಯವಹಾರ ಇಂದು ಜಗತ್ತಿನಲ್ಲಿ ಬೆಳೆಯುತ್ತಿದೆ. ದೂರದ ಉದ್ಯಮಗಳು ತಮ್ಮ ಹೊಗೆಯ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಅದನ್ನು ಕೊಳ್ಳುತ್ತವೆ. ಕೃಷಿಕನಿಗೆ ನಾಲ್ಕು ಕಾಸು ಬರುವುದಾದರೆ ಬೇಡವೆನ್ನಲು ನಾನು ಸಿದ್ಧನಿಲ್ಲ. ಆದರೆ ಸಿಪ್ಪೆ ಹಳ್ಳಿಯಿಂದ ಲಾರಿಯಲ್ಲಿ ಹೋಗಿ, ಇದ್ದಿಲು ಇನ್ನಾರದೋ ಹೊಲ ಸೇರಿ, ಲೆಕ್ಕ ಮತ್ತೊಬ್ಬರ ಪುಸ್ತಕದಲ್ಲಿ ಉಳಿಯುವುದಾದರೆ ನಮ್ಮ ಮಣ್ಣಿಗೆ ಆಗುವ ಲಾಭವಾದರೂ ಏನು? ತೋಟದಿಂದ ಹೊರಟ ಸತ್ವ ತೋಟಕ್ಕೇ ಮರಳಬೇಕೆಂಬುದು ಮೊದಲ ಷರತ್ತಾಗಲಿ. ಕ್ರೆಡಿಟ್ಟಿನ ಮಾತು ಆಮೇಲೆ. ಒಂಟಿ ಮನೆಗೆ ಕೂಲಿಯ ಖರ್ಚು ಭಾರವೆನಿಸಿದರೆ ನೆರೆಕರೆಯ ನಾಲ್ಕು ಮನೆಗಳವರು ಸರದಿಯಲ್ಲಿ ಕೂಡಿ ಮಾಡಬಹುದು. ಕೂಡಿ ದುಡಿಯುವುದು ನಮ್ಮ ಗ್ರಾಮಜೀವನಕ್ಕೆ ಹೊಸತಲ್ಲ.

ಈಗ ಭಾಷೆಯ ಮಾತಿಗೆ ಮರಳೋಣ. ಕಾಸರಗೋಡಿನ ಕೂಡ್ಲುವಿನಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಬೇರು 1916ರಲ್ಲಿ ಮದ್ರಾಸ್ ಸರಕಾರ ಆರಂಭಿಸಿದ ತೆಂಗು ಸಂಶೋಧನಾ ಕೇಂದ್ರದಲ್ಲಿದೆ. ತೆಂಗಿನ ಕಸದಿಂದ ಇದ್ದಿಲು ಮಾಡಿ ಮಣ್ಣಿನ ಮೇಲೆ ಅದರ ಪರಿಣಾಮವನ್ನು ಅಲ್ಲಿಯ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಪ್ರಬಂಧ ಪ್ರಕಟವಾದುದು ಇಂಗ್ಲಿಷಿನಲ್ಲಿ. ವಿಜ್ಞಾನದ ವ್ಯವಹಾರವೇ ಹಾಗೆ. ಆ ಅರಿವು ಅಲ್ಲಿಂದ ಕೆಲವೇ ಮೈಲು ದೂರದ ಬದಿಯಡ್ಕದ, ಪೆರ್ಲದ, ಮುಳ್ಳೇರಿಯದ ತೋಟಕ್ಕೆ ಯಾವ ಭಾಷೆಯಲ್ಲಿ ತಲುಪಬೇಕು? ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಕೊಂಕಣಿಯೋ ಆಡಿ, ಓದಲು ಬರೆಯಲು ಕನ್ನಡವನ್ನೇ ನೆಚ್ಚಿಕೊಂಡ ಹಿರಿಯ ಕೃಷಿಕರು ಇಲ್ಲಿ ಬಹಳ ಮಂದಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನೀಡಿದೆ. ಹಕ್ಕನ್ನು ಕೇಳುವಾಗ ನಾವು ಸಾಮಾನ್ಯವಾಗಿ ಶಾಲೆ, ಉದ್ಯೋಗ, ನಾಮಫಲಕಗಳನ್ನು ನೆನೆಯುತ್ತೇವೆ. ಕೃಷಿಭವನದ ಒಂದು ಕರಪತ್ರವೂ ಅಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ. ದುಡಿಮೆಯ ಅರಿವನ್ನು ಹೊರಲಾರದ ಭಾಷೆ ಸಭೆ ಸಮಾರಂಭಗಳ ಭಾಷೆಯಾಗಿಯಷ್ಟೇ ಉಳಿದುಬಿಡುತ್ತದೆ.

ಹೊರಗಿನ ಅರಿವು ನಮ್ಮ ಭಾಷೆಗೆ ಇಳಿಯಬಲ್ಲದೆಂಬುದಕ್ಕೆ ಬೋರ್ಡೋ ದ್ರಾವಣವೇ ಸಾಕ್ಷಿ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಅದು ಇಂದು ನಮ್ಮವರ ಬಾಯಲ್ಲಿ ಬರಿಯ ‘ಮದ್ದು’. ಸಿಂಪಡಿಸುವುದು ‘ಮದ್ದು ಬಿಡುವುದು’. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರೇ ತಮ್ಮ ಅನುಭವವನ್ನು ಬರೆಯಬಲ್ಲರೆಂದು ತೋರಿಸಿಕೊಟ್ಟಿದೆ. ‘ಬಯೋಚಾರ್’ ಎಂಬ ಹೆಸರು ಹಾಗೆಯೇ ಉಳಿದೀತೋ, ‘ಮಣ್ಣಿದ್ದಿಲು’ ಎಂಬಂಥ ಹೊಸ ಮಾತು ಹುಟ್ಟೀತೋ, ಅದನ್ನು ಬಳಸುವವರು ತೀರ್ಮಾನಿಸುತ್ತಾರೆ. ಪಾರಿಭಾಷಿಕ ಪದವನ್ನು ಮೇಜಿನ ಮುಂದೆ ಕುಳಿತು ಟಂಕಿಸಿ ತೋಟಕ್ಕೆ ಕಳುಹಿಸುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ವಿಭಾಗದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಬೇರೆಯಿದೆ. ಈ ಬೇಸಗೆಯ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಇಬ್ಬರು ಹಿರಿಯರನ್ನು ಕಂಡು, ಸುಡುಮಣ್ಣು ಮಾಡುವ ಕ್ರಮವನ್ನೂ ಬೆಂಕಿ, ಬೂದಿ, ಇದ್ದಿಲು, ಗೊಬ್ಬರಗಳಿಗೆ ಸಂಬಂಧಿಸಿದ ಮಾತುಗಳನ್ನೂ ಅವರು ಹೇಳಿದಂತೆಯೇ ಬರೆದುಕೊಳ್ಳಲಿ. ಸಂಶೋಧನಾ ಸಂಸ್ಥೆಯವರನ್ನು ಕೇಳಿ ಇದ್ದಿಲು ಮಾಡುವ, ಹದಗೊಳಿಸುವ ವಿಧಾನವನ್ನು ತಿಳಿದು, ಆ ಮಾತುಗಳನ್ನೇ ಬಳಸಿ ಒಂದು ಪುಟದ ಕರಪತ್ರವನ್ನು ರಚಿಸಲಿ. ಅಚ್ಚಿಗೆ ಹೋಗುವ ಮೊದಲು ಅದನ್ನು ಅದೇ ಹಿರಿಯರ ಮುಂದೆ ಓದಲಿ. ಅವರಿಗೆ ಎಲ್ಲಿ ತೊಡಕಾಯಿತೋ ಅಲ್ಲಿ ವಾಕ್ಯವನ್ನು ತಿದ್ದಲಿ. ಸಾಧ್ಯವಾದರೆ ಒಂದು ಗುಂಡಿಯನ್ನು ತಾವೇ ತೋಡಿ, ಇದ್ದಿಲು ಹಾಕಿದ ಸಾಲು ಒಂದು, ಹಾಕದ ಸಾಲು ಒಂದು ಎಂದು ಬೆಂಡೆಯನ್ನೋ ಅಲಸಂಡೆಯನ್ನೋ ಬೆಳೆದು, ಕಂಡದ್ದನ್ನು ಕಂಡಂತೆ ಬರೆಯಲಿ. ವ್ಯತ್ಯಾಸ ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಲಿ. ಮಳೆಗಾಲ ಹಿಡಿಯುವ ಮೊದಲು ಸಿಪ್ಪೆಯ ರಾಶಿ ಒಣಗಿರುವ ಈ ಎರಡು ತಿಂಗಳು ಅದಕ್ಕೆ ತಕ್ಕ ಕಾಲ.